ಇನ್ನು ಮಾಡುವುದೇನೂ ಇಲ್ಲವೇ?

(ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಪ್ರಬೋಧನೆ, ಫೆಬ್ರವರಿ 11)



ಒಂಬತ್ತು ದಿನಗಳ ನೊವೆನಾ ಮುಗಿಸಿ, ಗವಿಯ ಮುಂದೆ ಮೇಣದ ಬತ್ತಿ ಹಚ್ಚಿ, ಇಂದು ನಾವು ಲೂರ್ದು ಮಾತೆಯ ಹಬ್ಬವನ್ನು ಕೊಂಡಾಡುತ್ತಿದ್ದೇವೆ. ಪೋಪ್ ಎರಡನೇ ಜಾನ್ ಪಾಲರು ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು 1992ರಲ್ಲಿ ಸಾರಿದರು. 1993ರಿಂದ ಧರ್ಮಸಭೆ ಇದನ್ನು ಆಚರಿಸುತ್ತಾ ಬಂದಿದೆ. ಅದಕ್ಕಾಗಿಯೇ ಇಂದು ಮುಂದಿನ ಸಾಲುಗಳನ್ನು ನಮ್ಮ ರೋಗಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಗಾಲಿಕುರ್ಚಿಯಲ್ಲಿ ಬಂದವರಿದ್ದಾರೆ, ಮಗನ ಹೆಗಲು ಹಿಡಿದು ಬಂದವರಿದ್ದಾರೆ. ನಿಮಗೆಲ್ಲರಿಗೂ ವಿಶೇಷ ಸ್ವಾಗತ.

ಇಲ್ಲಿಗೆ ಬಂದ ಬಹುಪಾಲು ಜನ ಗುಣವಾಗಲೆಂದು ಬೇಡಲು ಬಂದಿದ್ದೀರಿ. ಬೇಡಿ. ಮಕ್ಕಳು ತಾಯಿಯ ಬಳಿ ಬೇಡದೆ ಇನ್ನಾರ ಬಳಿ ಬೇಡಬೇಕು? ಆದರೆ ಇಂದು ನಾನು ಗುಣವಾಗದವರ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಹಬ್ಬದ ದಿನ ಇಂಥ ಮಾತೇಕೆ ಎಂದುಕೊಳ್ಳಬೇಡಿ. ಲೂರ್ದಿನ ಕಥೆಯೇ ಈ ಮಾತನ್ನು ಆಡಿಸುತ್ತಿದೆ.

1858ರ ಫೆಬ್ರವರಿ 11ರಂದು ಹದಿನಾಲ್ಕು ವರ್ಷದ ಬಡ ಹುಡುಗಿ ಬೆರ್ನದೆತ್ ಸುಬಿರುಗೆ ಮಾತೆ ಮೊದಲ ಬಾರಿಗೆ ದರ್ಶನವಿತ್ತರು. ಅಂದಿನಿಂದ ಇಂದಿನವರೆಗೆ ಕೋಟ್ಯಂತರ ಜನ ಅಲ್ಲಿಗೆ ಹೋಗಿ ಬಂದಿದ್ದಾರೆ. ಧರ್ಮಸಭೆ ಅಧಿಕೃತವಾಗಿ ಪವಾಡವೆಂದು ಒಪ್ಪಿಕೊಂಡ ಗುಣಪಡಿಕೆಗಳು ಎಪ್ಪತ್ತಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಆ ಬುಗ್ಗೆಯ ನೀರನ್ನು ತನ್ನ ಕೈಯಿಂದ ಕೆದಕಿ ತೆಗೆದ ಬೆರ್ನದೆತ್ತಳ ಗತಿ ಏನಾಯಿತು? ಬಾಲ್ಯದಿಂದಲೂ ಆಕೆಗೆ ಉಬ್ಬಸ. ಕನ್ಯಾಸ್ತ್ರೀಯಾದ ಮೇಲೆ ಕ್ಷಯರೋಗ ಮೂಳೆಗೂ ಇಳಿಯಿತು. ನೆವೇರ್ ನಗರದ ಕಾನ್ವೆಂಟಿನಲ್ಲಿ 1879ರ ಏಪ್ರಿಲ್ 16ರಂದು, ಮೂವತ್ತೈದನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಮಾತೆಯನ್ನು ಕಣ್ಣಾರೆ ಕಂಡವಳಿಗೇ ವಾಸಿಯಾಗಲಿಲ್ಲ. ಹಾಗಾದರೆ ತಾಯಿ ಆಕೆಯ ಕೈಬಿಟ್ಟರೇ? ಇಲ್ಲ. ಗುಣವಾಗದಿರುವುದು ಬೇರೆ, ಕೈಬಿಡುವುದು ಬೇರೆ. ಇಂದಿನ ನನ್ನ ಮಾತೆಲ್ಲ ಈ ಒಂದು ವಾಕ್ಯದಲ್ಲಿದೆ.

ನನ್ನದೊಂದು ತಪ್ಪು

ಪ್ರಿಯರೇ, ಈ ಪೀಠದಿಂದ ನಿಮಗೆ ಬುದ್ಧಿ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ.

ನಾನು ಗುರುಪಟ್ಟ ಪಡೆದು ಕೆಲವು ವರ್ಷಗಳಾಗಿದ್ದವು. ಹೊಲದಲ್ಲಿ ದುಡಿದೇ ನಮ್ಮನ್ನು ಸಾಕಿದ ನನ್ನ ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಬಂತು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಕರೆಂಟು ಕೊಡಿಸಿದೆವು. ಸ್ವಲ್ಪ ಕಾಲ ಚೆನ್ನಾಗಿದ್ದರು. ರೋಗ ಮರಳಿ ಬಂದಾಗ ಅಲ್ಲಿನ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನು ಮಾಡುವುದೇನೂ ಇಲ್ಲ ಫಾದರ್, ಮನೆಗೆ ಕರೆದುಕೊಂಡು ಹೋಗಿ" ಎಂದರು. ಅಪ್ಪನಿಗೆ ತಿಳಿಸಬಾರದೆಂದು ಅಣ್ಣ, ಅಕ್ಕ ಎಲ್ಲರೂ ಸೇರಿ ತೀರ್ಮಾನಿಸಿದರು. ನಾನೂ ತಲೆಯಾಡಿಸಿದೆ.

ನನಗೆ ಪಟ್ಟವಾದ ದಿನದಿಂದ ಅಪ್ಪ ನನ್ನನ್ನು "ಸ್ವಾಮಿ" ಎಂದೇ ಕರೆಯುತ್ತಿದ್ದರು. ಒಂದು ರಾತ್ರಿ ಮಾತ್ರ ನನ್ನ ಕೈ ಹಿಡಿದು, "ನಿಜ ಹೇಳು ಮಗಾ, ನನಗೆ ಏನಾಗಿದೆ?" ಎಂದು ಕೇಳಿದರು. "ಏನಿಲ್ಲಪ್ಪ, ಗಂಟಲಲ್ಲಿ ಹುಣ್ಣು. ಲೂರ್ದು ಮಾತೆಗೆ ಹರಕೆ ಹೊತ್ತಿದ್ದೇವೆ, ವಾಸಿಯಾಗುತ್ತೆ" ಎಂದೆ. ಅಪ್ಪ ಕೈ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಒಮ್ಮೆಯೂ ಕೇಳಲಿಲ್ಲ.

ನಾಲ್ಕು ತಿಂಗಳು ಅವರು ನರಳಿದ್ದು ಪಕ್ಕದ ಮನೆಗೂ ಕೇಳಿಸುತ್ತಿತ್ತು. ಊರಿನ ವೈದ್ಯರೊಬ್ಬರು ಮಾರ್ಫಿನ್ ಕೊಡಿಸುವ ದಾರಿ ಹೇಳಿದರು. "ಅದು ಅಮಲಿನ ಔಷಧಿ, ಕೊಟ್ಟರೆ ಮತ್ತೆ ಏಳುವುದೇ ಇಲ್ಲ" ಎಂದು ಅಣ್ಣ ಬೇಡವೆಂದ. ಗುರುಮಠದಲ್ಲಿ ಧರ್ಮಸಭೆಯ ನೀತಿಬೋಧೆಯನ್ನು ಪರೀಕ್ಷೆಗೆ ಓದಿ ಉತ್ತೀರ್ಣನಾಗಿದ್ದ ನಾನು, ಉತ್ತರ ಗೊತ್ತಿದ್ದೂ ಸುಮ್ಮನಿದ್ದೆ. ದಿನವೂ ಹೋಗಿ ಪ್ರಾರ್ಥಿಸಿ, ಆಶೀರ್ವದಿಸಿ ಬರುತ್ತಿದ್ದೆ. ಅದೇ ನನ್ನ ತಪ್ಪು. ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ದ್ರಾಕ್ಷಾರಸ ಮುಗಿದಾಗ

ಇಂದಿನ ಶುಭಸಂದೇಶ ಕಾನಾ ಊರಿನ ಮದುವೆಯದು (ಯೊವಾನ್ನ 2:1-11). ದ್ರಾಕ್ಷಾರಸ ಮುಗಿದುಹೋಯಿತು. ಮೊದಲು ಗಮನಿಸಿದವರು ಮಾತೆ ಮರಿಯಮ್ಮ. ಅವರು ಅದನ್ನು ಮುಚ್ಚಿಡಲಿಲ್ಲ. ಇರುವ ಸ್ಥಿತಿಯನ್ನು ಇರುವ ಹಾಗೆಯೇ ಮಗನ ಮುಂದೆ ಇಟ್ಟರು. ನಂತರ ಸೇವಕರ ಕಡೆ ತಿರುಗಿ, ಆತ ಹೇಳಿದಂತೆ ಮಾಡಿರೆಂದರು. ಸೇವಕರಿಗೆ ಸಿಕ್ಕಿದ ಕೆಲಸವೇನು? ಆರು ಕಲ್ಲಿನ ಬಾನಿಗಳಿಗೆ ನೀರು ತುಂಬುವುದು. ಅದು ಪವಾಡವಲ್ಲ, ಬರೀ ಮೈಮುರಿಯುವ ಕೆಲಸ. ನೀರನ್ನು ದ್ರಾಕ್ಷಾರಸ ಮಾಡುವುದು ಯೇಸುವಿನ ಪಾಲಿನದು, ನೀರು ತುಂಬುವುದು ನಮ್ಮ ಪಾಲಿನದು. ನಮ್ಮ ಮನೆಗಳಲ್ಲಿ ನಾವು ಪವಾಡಕ್ಕಾಗಿ ಕಾಯುತ್ತಾ ನೀರು ತುಂಬುವುದನ್ನೇ ಮರೆಯುತ್ತೇವೆ.

ಇದೇ ಶುಭಸಂದೇಶದಲ್ಲಿ ಆ ತಾಯಿಯನ್ನು ನಾವು ಮತ್ತೆ ಕಾಣುವ ಮುಖ್ಯ ಸನ್ನಿವೇಶ ಶಿಲುಬೆಯ ಬಳಿಯದು (ಯೊವಾನ್ನ 19:25). ಅಲ್ಲಿ ಪವಾಡ ನಡೆಯಲಿಲ್ಲ. ಮಗನನ್ನು ಕೆಳಗಿಳಿಸಲು ಆಕೆಯಿಂದ ಆಗಲಿಲ್ಲ. ಆದರೂ ಆಕೆ ಓಡಿಹೋಗಲಿಲ್ಲ, ನಿಂತರು. ಕೊನೆಯ ಘಳಿಗೆಯಲ್ಲಿ ಯೇಸು ಕಣ್ಣೆತ್ತಿ ನೋಡಿದಾಗ ಅಲ್ಲೊಂದು ಪರಿಚಿತ ಮುಖವಿತ್ತು. "ಇನ್ನು ಮಾಡುವುದೇನೂ ಇಲ್ಲ" ಎಂದು ಲೋಕ ಹೇಳುವ ಜಾಗದಲ್ಲೇ ತಾಯಿಯ ಕೆಲಸ ನಡೆದಿತ್ತು.

ಹೊದಿಸುವ ಆರೈಕೆ

ಈ ನೀರು ತುಂಬುವ ಕೆಲಸಕ್ಕೆ ಇಂದು ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ: ಪ್ಯಾಲಿಯೇಟಿವ್ ಕೇರ್. ಕನ್ನಡದಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ. ಈ ಪದದ ಬೇರು ಲತೀನಿನ 'ಪಾಲಿಯುಂ'. ಅಂದರೆ ಮೇಲುಹೊದಿಕೆ. ಮಹಾಧರ್ಮಾಧ್ಯಕ್ಷರು ಹೆಗಲ ಮೇಲೆ ಧರಿಸುವ ಬಿಳಿಯ ಉಣ್ಣೆಯ ಪಟ್ಟಿಗೂ ಇದೇ ಹೆಸರು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನೇ ಕತ್ತರಿಸಿ ಅರ್ಧ ಕೊಟ್ಟ ಸಂತ ಮಾರ್ಟಿನರನ್ನು ನೆನೆಯಿರಿ. ಅವರು ಚಳಿಗಾಲವನ್ನು ಓಡಿಸಲಿಲ್ಲ, ಚಳಿಯಲ್ಲಿದ್ದವನಿಗೆ ಹೊದಿಸಿದರು. ಉಪಶಾಮಕ ಆರೈಕೆಯೂ ಅಂಥದ್ದೇ.

ಇದನ್ನು ಆಧುನಿಕ ರೀತಿಯಲ್ಲಿ ರೂಪಿಸಿದವರು ಇಂಗ್ಲೆಂಡಿನ ಡಾ. ಸಿಸಿಲಿ ಸಾಂಡರ್ಸ್. ಲಂಡನ್ನಿನಲ್ಲಿ ಕಥೋಲಿಕ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸಂತ ಜೋಸೆಫರ ಆಶ್ರಯಧಾಮದಲ್ಲಿ ಹಲವು ವರ್ಷ ಕೆಲಸ ಮಾಡಿ, 1967ರಲ್ಲಿ ಸಂತ ಕ್ರಿಸ್ಟೋಫರ್ ಹಾಸ್ಪಿಸ್ ತೆರೆದರು. ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಕೂಡ. ನಾಲ್ಕನ್ನೂ ಒಟ್ಟಿಗೆ ನೋಡಬೇಕು ಎಂದು ಅವರು ಕಲಿಸಿದರು. ಯೋಚಿಸಿ ನೋಡಿ, ನಮ್ಮ ಮನೆಯ ರೋಗಿಗೂ ಹಾಗೆಯೇ ಅಲ್ಲವೇ? ಬೆನ್ನು ನೋಯುತ್ತದೆ. ಅದರ ಜೊತೆಗೆ ಮಗಳ ಮದುವೆ ಆಗಿಲ್ಲವೆಂಬ ಚಿಂತೆ, ಮಾಡಿದ ಸಾಲದ ಚಿಂತೆ, ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆಯೇ ಎಂಬ ಭಯ. ಇವೆಲ್ಲ ಸೇರಿ ರಾತ್ರಿ ನಿದ್ದೆಗೆಡಿಸುತ್ತವೆ.

ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಬೇಕು. ಇದು ಕ್ಯಾನ್ಸರಿಗೆ ಮಾತ್ರವಲ್ಲ. ಹೃದಯ, ಮೂತ್ರಪಿಂಡ, ಶ್ವಾಸಕೋಶ ಸೋತವರಿಗೆ, ಲಕ್ವ ಹೊಡೆದವರಿಗೆ, ಮರೆವಿನ ಕಾಯಿಲೆಯ ಹಿರಿಯರಿಗೆ, ಮಕ್ಕಳಿಗೂ ಇದು ಬೇಕು. ಇದು ಕೊನೆಯ ವಾರದ ಆರೈಕೆಯೂ ಅಲ್ಲ. ದೊಡ್ಡ ರೋಗವೆಂದು ತಿಳಿದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಆರಂಭವಾಗಬಹುದು. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಬಲಿತಿದ್ದ ರೋಗಿಗಳ ಪೈಕಿ ಆರಂಭದಿಂದಲೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದ ಇದ್ದರು. ಅಷ್ಟೇ ಅಲ್ಲ, ಉಳಿದವರಿಗಿಂತ ಸುಮಾರು ಎರಡೂವರೆ ತಿಂಗಳು ಹೆಚ್ಚೇ ಬದುಕಿದರು.

ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ 5 ಕೋಟಿ 68 ಲಕ್ಷ ಜನರಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ನೂರರಲ್ಲಿ 14 ಮಂದಿಗೆ ಮಾತ್ರ. ಇದಕ್ಕೆ ಹಣದ ಕೊರತೆ, ವೈದ್ಯರ ಕೊರತೆ ಕಾರಣವಿರಬಹುದು. ನಮ್ಮ ಭಯವೂ ಒಂದು ಕಾರಣ. ಅಂಥ ನಾಲ್ಕು ಭಯಗಳನ್ನು ನೋಡೋಣ.

1. ನಿಜ ಹೇಳುವ ಭಯ

"ಗೊತ್ತಾದರೆ ಎದೆಯೊಡೆದು ಹೋಗುತ್ತಾರೆ ಸ್ವಾಮಿ" ಎನ್ನುತ್ತೀರಿ. ಇದು ಪ್ರೀತಿಯ ಮಾತೇ. ಆದರೆ ರೋಗಿಗೆ ತನ್ನ ದೇಹ ಎಲ್ಲವನ್ನೂ ಹೇಳಿರುತ್ತದೆ. ನಾವು ಮುಚ್ಚಿಟ್ಟರೆ ಆತ ಒಬ್ಬನೇ ಆಗುತ್ತಾನೆ. ಹಾಗೆಂದು ಒಮ್ಮೆಲೇ ಎಲ್ಲವನ್ನೂ ತಲೆಯ ಮೇಲೆ ಸುರಿಯಬಾರದು. ಮೊದಲು ಅವರಿಗೇನು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟವಿದೆ ಎಂದು ಕೇಳಿ. ಕೇಳಿದಷ್ಟನ್ನು ಮೆಲ್ಲನೆ, ಕೈ ಹಿಡಿದುಕೊಂಡು ಹೇಳಿ. ಸುಳ್ಳನ್ನು ಮಾತ್ರ ಹೇಳಬೇಡಿ.

2. ಮಾರ್ಫಿನ್ ಭಯ

ನೋವಿಗಾಗಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವ ಮಾರ್ಫಿನ್ ಚಟ ಹಿಡಿಸುವುದು ಅಪರೂಪ. ಅದು ಸಾವನ್ನು ಕರೆತರುವುದಿಲ್ಲ. ಸಾಮಾನ್ಯವಾಗಿ ಮಾತ್ರೆಯಾಗಿ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡುತ್ತಾರೆ. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ. ಮೊದಲೆರಡು ದಿನ ಮಂಪರು ಇರಬಹುದು. ಮಲಬದ್ಧತೆ ಆಗುತ್ತದೆ, ಅದಕ್ಕೆ ಔಷಧಿಯನ್ನು ಜೊತೆಯಲ್ಲೇ ಕೊಡುತ್ತಾರೆ. ಈ ಮಾರ್ಫಿನ್ನಿಗೆ ಬೇಕಾದ ಅಫೀಮನ್ನು ನಮ್ಮ ದೇಶವೇ ಬೆಳೆಯುತ್ತದೆ. ಆದರೂ 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿ ನಿಯಮಗಳಿಂದ ನಮ್ಮ ರೋಗಿಗಳಿಗೇ ಸಿಗದೆ ಹೋಗಿತ್ತು. 2014ರ ತಿದ್ದುಪಡಿ ಆ ದಾರಿಯನ್ನು ಸಲೀಸು ಮಾಡಿತು.

"ನೋವು ಅನುಭವಿಸಿದರೆ ಪುಣ್ಯವಲ್ಲವೇ, ಯೇಸುಸ್ವಾಮಿ ಅನುಭವಿಸಲಿಲ್ಲವೇ?" ಎಂದು ಕೇಳುವವರಿದ್ದಾರೆ. ಯೇಸು ತಮ್ಮ ನೋವನ್ನು ತಾವೇ ಮನಸಾರೆ ಒಪ್ಪಿಕೊಂಡರು. ಆದರೆ ತಮ್ಮ ಬಳಿ ಬಂದ ಯಾವ ರೋಗಿಗೂ ಸಹಿಸಿಕೋ, ಪುಣ್ಯ ಬರುತ್ತದೆ ಎಂದು ಹೇಳಿ ಕಳುಹಿಸಲಿಲ್ಲ. ಮುಟ್ಟಿದರು, ಗುಣಪಡಿಸಿದರು. ತಾನಾಗಿ ನೋವನ್ನು ದೇವರಿಗೆ ಒಪ್ಪಿಸಿಕೊಳ್ಳುವುದು ರೋಗಿಯ ಸ್ವಾತಂತ್ರ್ಯ. ಇನ್ನೊಬ್ಬರ ನೋವನ್ನು ನಾವು ಒಪ್ಪಿಸುವಂತಿಲ್ಲ. ನೋವು ಶಮನಕ್ಕೆ ಔಷಧಿ ಕೊಡುವುದು ನ್ಯಾಯಸಮ್ಮತವೆಂದು ಪೋಪ್ ಹನ್ನೆರಡನೇ ಪಯಸ್ 1957ರಷ್ಟು ಹಿಂದೆಯೇ ವೈದ್ಯರಿಗೆ ಸ್ಪಷ್ಟಪಡಿಸಿದ್ದರು. ಗುರುಮಠದಲ್ಲಿ ನಾನು ಓದಿ ಮನೆಯಲ್ಲಿ ಮರೆತದ್ದು ಇದನ್ನೇ.

3. 'ಚಿಕಿತ್ಸೆ ನಿಲ್ಲಿಸಿದರೆ ಪಾಪ' ಎಂಬ ಭಯ

ಜೀವ ದೇವರ ಕೊಡುಗೆ. ಸೂಜಿಯಿಂದಲೋ ಮಾತ್ರೆಯಿಂದಲೋ ಬೇಕೆಂದೇ ಜೀವ ತೆಗೆಯುವ ದಯಾಮರಣವನ್ನು ಧರ್ಮಸಭೆ ಎಂದೂ ಒಪ್ಪುವುದಿಲ್ಲ. ಆದರೆ ಫಲವಿಲ್ಲದ, ರೋಗಿಗೆ ಹೊರಲಾಗದ ಹೊರೆಯಾಗುವ ಚಿಕಿತ್ಸೆಯನ್ನು ಬೇಡವೆನ್ನುವುದು ದಯಾಮರಣವಲ್ಲ. ಅಲ್ಲಿ ನಾವು ಸಾವನ್ನು ತರುತ್ತಿಲ್ಲ, ತಡೆಯಲಾಗದೆಂದು ಒಪ್ಪಿಕೊಳ್ಳುತ್ತಿದ್ದೇವೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನು ಹೇಳಿ (2278), ಮುಂದಿನ ಪರಿಚ್ಛೇದದಲ್ಲೇ ಉಪಶಾಮಕ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಕರೆದು ಪ್ರೋತ್ಸಾಹಿಸುತ್ತದೆ (2279). ಗದ್ದೆ ಮಾರಿ, ಬಡ್ಡಿಗೆ ಸಾಲ ತಂದು, ಗಾಜಿನ ಬಾಗಿಲಾಚೆ ಯಂತ್ರಗಳ ನಡುವೆ ಅಪ್ಪನನ್ನು ಒಂಟಿಯಾಗಿ ಬಿಟ್ಟರೆ ಮಾತ್ರ ಒಳ್ಳೆಯ ಮಗ ಎಂದು ಧರ್ಮಸಭೆ ಹೇಳಿಲ್ಲ. ಆದರೆ ಯಾವ ಚಿಕಿತ್ಸೆ ನಿಂತರೂ ಆರೈಕೆ ನಿಲ್ಲಬಾರದು. ಬಾಯಿ ಒದ್ದೆ ಮಾಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ನೋವಿಗೆ ಔಷಧಿ ಕೊಡುವುದು, ಪಕ್ಕದಲ್ಲಿ ಕೂರುವುದು ಕೊನೆಯ ಉಸಿರಿನವರೆಗೂ ನಡೆಯಬೇಕು.

4. ಗುರುಗಳನ್ನು ಕರೆಸುವ ಭಯ

ಇದು ನಮ್ಮದೇ ಭಯ. "ಫಾದರ್ ಬಂದರೆ ಅಪ್ಪ ಹೆದರಿಕೊಳ್ಳುತ್ತಾರೆ" ಎಂದು ಪ್ರಜ್ಞೆ ತಪ್ಪುವವರೆಗೆ ಕಾದು ನನ್ನನ್ನು ಕರೆಸುತ್ತೀರಿ. ಪಾಪನಿವೇದನೆ ಮಾಡಲು ಅವರಿಗೆ ಮಾತಿಲ್ಲ, ಪರಮಪ್ರಸಾದ ನುಂಗಲು ಶಕ್ತಿಯಿಲ್ಲ. ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರ ಸಾಯುವ ಘಳಿಗೆಗೆ ಮಾತ್ರ ಮೀಸಲಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಸಂತ ಯಕೋಬರು ಸಹ ಯಾರಾದರೂ ಅಸ್ವಸ್ಥರಾದರೆ ಸಭೆಯ ಹಿರಿಯರನ್ನು ಕರೆಸಲಿ ಎನ್ನುತ್ತಾರೆ (ಯಕೋಬ 5:14). ಸಾಯುತ್ತಿದ್ದರೆ ಎಂದು ಹೇಳಿಲ್ಲ. ಹೊರಡುವವರಿಗೆ ಕೊಡುವುದು ಕೊನೆಯ ಪರಮಪ್ರಸಾದ, ದಾರಿಯ ಬುತ್ತಿ. ಬುತ್ತಿಯನ್ನು ಬಸ್ಸು ಹೊರಟ ಮೇಲೆ ಕಟ್ಟಿಕೊಡುತ್ತೇವೆಯೇ?

ಆರೈಕೆ ಮಾಡುವವರನ್ನು ಮರೆಯಬೇಡಿ

ರೋಗಿಯಿರುವ ಮನೆಯಲ್ಲಿ ಇನ್ನೊಬ್ಬ ರೋಗಿ ಇರುತ್ತಾರೆ. ಹೆಚ್ಚಾಗಿ ಹೆಂಡತಿ, ಮಗಳು, ಇಲ್ಲವೇ ಸೊಸೆ. ರಾತ್ರಿ ನಿದ್ದೆಯಿಲ್ಲ, ಹೊತ್ತಿಗೆ ಊಟವಿಲ್ಲ, ತಿಂಗಳುಗಟ್ಟಲೆ ಪೂಜೆಗೂ ಬರಲಾಗಿಲ್ಲ. ನೋಡಲು ಬಂದ ನೆಂಟರು "ಸರಿಯಾಗಿ ಊಟ ಕೊಡ್ತಿಲ್ಲವೇನಮ್ಮಾ, ಇಷ್ಟು ಇಳಿದುಹೋಗಿದ್ದಾರೆ" ಎಂದು ಹೇಳಿ, ಹಾರ್ಲಿಕ್ಸ್ ಬಾಟಲಿ ಇಟ್ಟು ಹೋಗುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ರೋಗ ಬಲಿತಾಗ ದೇಹವೇ ಅನ್ನ ಬೇಡವೆನ್ನುತ್ತದೆ, ಅದು ಸೊಸೆಯ ತಪ್ಪಲ್ಲ.

ನಮ್ಮ ನೆರೆಯ ಕೇರಳವನ್ನು ನೋಡಿ. 1993ರಲ್ಲಿ ಕಲ್ಲಿಕೋಟೆಯಲ್ಲಿ ಕೆಲವು ವೈದ್ಯರು ಸೇರಿ ಚಿಕ್ಕದಾಗಿ ಆರಂಭಿಸಿದ ಕೆಲಸವನ್ನು ನೆರೆಹೊರೆಯ ಸಾಮಾನ್ಯ ಜನ ಕೈಗೆತ್ತಿಕೊಂಡರು. ತರಬೇತಿ ಪಡೆದ ಸ್ವಯಂಸೇವಕರು ನರ್ಸ್‌ಗಳ ಜೊತೆ ಮನೆಮನೆಗೆ ಹೋದರು. 2008ರಲ್ಲಿ ಅಲ್ಲಿನ ಸರ್ಕಾರವೇ ಇದಕ್ಕೊಂದು ನೀತಿ ರೂಪಿಸಿತು. ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ಆರಂಭವಾದ ಶಾಂತಿ ಆವೇದನಾ ಆಶ್ರಯಧಾಮ ನಮ್ಮ ದೇಶದಲ್ಲೇ ಮೊದಲನೆಯದು. ನಮ್ಮ ಬೆಂಗಳೂರಿನ ಮಾರತ್ತಹಳ್ಳಿಯ ಬಳಿ ಇರುವ ಕರುಣಾಶ್ರಯ 1999ರಿಂದ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಜಾತಿ ಮತ ಕೇಳದೆ, ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಕಿದ್ವಾಯಿ ಆಸ್ಪತ್ರೆಯಲ್ಲೂ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಇದಕ್ಕೆಂದೇ ವಿಭಾಗಗಳಿವೆ. "ಇನ್ನು ಮಾಡುವುದೇನೂ ಇಲ್ಲ" ಎಂದು ನಿಮಗೆ ಯಾರಾದರೂ ಹೇಳಿದರೆ, "ಉಪಶಾಮಕ ಆರೈಕೆ ಎಲ್ಲಿ ಸಿಗುತ್ತದೆ ಡಾಕ್ಟ್ರೇ?" ಎಂದು ಕೇಳಿ. ಆ ಒಂದು ಪ್ರಶ್ನೆಯನ್ನು ಇಂದು ಮನೆಗೆ ಒಯ್ಯಿರಿ.

ನಮ್ಮ ಧರ್ಮಕೇಂದ್ರದಲ್ಲಿ ಆಸ್ಪತ್ರೆ ಕಟ್ಟಲು ನಮ್ಮಿಂದಾಗದು. ಆದರೆ ಪ್ರತಿ ವಲಯದಿಂದ ಇಬ್ಬರು ಮುಂದೆ ಬಂದರೆ ಸಾಕು. ಭಾನುವಾರ ಎರಡು ಗಂಟೆ ರೋಗಿಯ ಪಕ್ಕದಲ್ಲಿ ಕುಳಿತರೆ, ಆ ಮನೆಯ ಸೊಸೆ ಪೂಜೆಗೆ ಬಂದು ಹೋಗಬಹುದು. ಇದೂ ಒಂದು ಬಾನಿಗೆ ನೀರು ತುಂಬಿದಂತೆಯೇ. ಹೆಸರು ಕೊಡಬಯಸುವವರು ಪೂಜೆಯ ನಂತರ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನು ಕಾಣಿರಿ.

ಒಂಬತ್ತು ದಿನಗಳು

ಈಗ ನನ್ನ ಅಪ್ಪನ ಮಾತಿಗೆ ಮರಳುತ್ತೇನೆ. ಹತ್ತಿರದ ಕಾನ್ವೆಂಟಿನಲ್ಲಿ ನರ್ಸ್ ಆಗಿದ್ದ ಸಿಸ್ಟರ್ ಒಬ್ಬರು ಸುದ್ದಿ ತಿಳಿದು ತಾವಾಗಿಯೇ ಮನೆಗೆ ಬಂದರು. ಉಪಶಾಮಕ ಆರೈಕೆಯ ತರಬೇತಿ ಪಡೆದಿದ್ದವರು. ಬಂದವರೇ ಮಂಚದ ಪಕ್ಕ ಕುಳಿತು, "ಅಪ್ಪಾ, ಎಲ್ಲಿ ನೋವು? ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿದರು. ಅಷ್ಟು ದಿನ ನಾವು ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಅಣ್ಣನನ್ನು ಕೂರಿಸಿಕೊಂಡು ಮಾರ್ಫಿನ್ ಬಗ್ಗೆ ತಾಳ್ಮೆಯಿಂದ ತಿಳಿಸಿದರು. ವೈದ್ಯರ ಚೀಟಿಯ ಮೇಲೆ ಮಾತ್ರೆ ಬಂತು. ಮೂರನೆಯ ರಾತ್ರಿ ಅಪ್ಪ ಬೆಳಗಿನವರೆಗೂ ಮಲಗಿದರು. ಎದ್ದು ಎರಡು ಚಮಚ ಕಾಫಿ ಕೇಳಿ ಕುಡಿದರು.

ಅಂದು ಸಿಸ್ಟರ್ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: "ಫಾದರ್, ಅವರಿಗೆ ಎಲ್ಲಾ ಗೊತ್ತಿದೆ. ನಿಮಗೆ ನೋವಾಗಬಾರದು ಅಂತ ಕೇಳ್ತಾ ಇಲ್ಲ." ನಾನು ಒಳಗೆ ಹೋಗಿ ಅಪ್ಪನ ಬಳಿ ಕುಳಿತು ನಿಜ ಹೇಳಿದೆ. ಅಪ್ಪ ಅಳಲಿಲ್ಲ. "ಗೊತ್ತಿತ್ತು ಮಗಾ. ನೀನು ಹೇಳಲಿ ಅಂತ ಕಾಯ್ತಿದ್ದೆ" ಎಂದರು.

ಆಮೇಲೆ ಅವರು ಮಾಡಿದ ಮೊದಲ ಕೆಲಸ ಚಿಕ್ಕಪ್ಪನನ್ನು ಕರೆಸಿದ್ದು. ಹೊಲದ ಬದುವಿನ ಜಗಳದಲ್ಲಿ ಹದಿನಾಲ್ಕು ವರ್ಷಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಚಿಕ್ಕಪ್ಪ ಬಂದು ಕಾಲ ಬಳಿ ಕುಳಿತುಕೊಂಡರು. ಅಪ್ಪ, "ಆ ಬದು ನಿನಗೇ ಇರಲಿ ಬಿಡೋ" ಎಂದರು. ಮರುದಿನ ಪಾಪನಿವೇದನೆ ಮಾಡಿ, ಅಭ್ಯಂಗ ಪಡೆದು, ಪರಮಪ್ರಸಾದ ಸ್ವೀಕರಿಸಿದರು. ನನ್ನ ಅಪ್ಪನಿಗೆ ನಾನೇ ದಾರಿಯ ಬುತ್ತಿ ಕೊಟ್ಟೆ. ನೋವು ಹತೋಟಿಗೆ ಬಂದ ಮೇಲೆ ಅವರು ಬದುಕಿದ್ದು ಒಂಬತ್ತು ದಿನ. ನಾಲ್ಕು ತಿಂಗಳೂ ಹಾಗೆಯೇ ಇರಬಹುದಿತ್ತು. ಆ ನಾಲ್ಕು ತಿಂಗಳನ್ನು ನಾನು ಅವರಿಂದ ಕಿತ್ತುಕೊಂಡೆ. ನಿಮ್ಮ ಮನೆಯಲ್ಲಿ ಹಾಗಾಗಬಾರದೆಂದು ಇದನ್ನೆಲ್ಲ ಹೇಳಿದೆ.

ಮುಂದಿನ ಸಾಲಿನಲ್ಲಿ ಕುಳಿತಿರುವ ಪ್ರೀತಿಯ ತಂದೆತಾಯಿಗಳೇ, ಈಗ ನಿಮ್ಮ ಹಣೆಗೂ ಅಂಗೈಗಳಿಗೂ ಪವಿತ್ರ ತೈಲವನ್ನು ಹಚ್ಚಲಿದ್ದೇನೆ. ನಿಮಗೆ ಗುಣವಾಗಲೆಂದು ನಾವೆಲ್ಲರೂ ಬೇಡುತ್ತೇವೆ. ಗುಣವಾದರೆ ದೇವರಿಗೆ ಸ್ತೋತ್ರ. ಆಗದಿದ್ದರೂ ನಿಮ್ಮನ್ನು ಒಂಟಿಯಾಗಿ ಬಿಡುವುದಿಲ್ಲವೆಂದು ಈ ಧರ್ಮಕೇಂದ್ರದ ಕುಟುಂಬ ಇಂದು ನಿಮಗೆ ಮಾತು ಕೊಡುತ್ತದೆ. ಶಿಲುಬೆಯ ಬಳಿ ನಿಂತ ತಾಯಿ ನಿಮ್ಮ ಮಂಚದ ಬಳಿಯೂ ನಿಲ್ಲಲಿ, ನಮಗೂ ಅಲ್ಲಿ ನಿಲ್ಲುವ ಧೈರ್ಯ ಕೊಡಲಿ.

ಲೂರ್ದು ಮಾತೆಯೇ, ರೋಗಿಗಳ ಆರೋಗ್ಯವೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.